ಆನಿ ಓಕ್ಲಿ

ಆನಿ ಓಕ್ಲಿ (13 ಆಗಸ್ಟ್ 1860 – 3 ನವೆಂಬರ್ 1926) ಅಮೆರಿಕ ಸಂಯುಕ್ತ ಸಂಸ್ಥಾನದ ಸುಪ್ರಸಿದ್ಧ ಗುರಿಗಾರ್ತಿ. ಬಡ ರೈತ ಕುಟುಂಬದಲ್ಲಿ ಹುಟ್ಟಿ, ಮನೆಯವರ ಹೊಟ್ಟೆ ತುಂಬಿಸಲು ಬಾಲ್ಯದಲ್ಲಿಯೇ ಬೇಟೆಗೆ ಇಳಿದ ಇವರು, ಬೇಟೆಗಾರರ ನಡುವೆ ನಡೆದ ಒಂದು ಸ್ನೇಹಪರ ಪಣದ ಪಂದ್ಯದಲ್ಲಿ ವೃತ್ತಿಪರ ಗುರಿಗಾರನೊಬ್ಬನನ್ನು ಸೋಲಿಸಿ ಬೆಳಕಿಗೆ ಬಂದರು. 1885ರಿಂದ 1901ರವರೆಗೆ, ನಡುವಿನ ಅಲ್ಪ ವಿರಾಮವನ್ನು ಬಿಟ್ಟರೆ, ಬಫಲೋ ಬಿಲ್ ಎಂದು ಹೆಸರಾದ ವಿಲಿಯಂ ಕೋಡಿಯ 'ವೈಲ್ಡ್ ವೆಸ್ಟ್' ಪ್ರದರ್ಶನ ತಂಡದ ಮುಖ್ಯ ಆಕರ್ಷಣೆಯಾಗಿದ್ದರು. ಅಮೆರಿಕ ಮತ್ತು ಯೂರೋಪಿನ ಅನೇಕ ನಗರಗಳಲ್ಲಿ ಲಕ್ಷಾಂತರ ಜನರು ಇವರ ಕೌಶಲವನ್ನು ಕಣ್ಣಾರೆ ಕಂಡರು. ಮಹಿಳೆಯರಿಗೆ ಬಂದೂಕು ತರಬೇತಿ ನೀಡಿದ ಕಾರ್ಯಕ್ಕಾಗಿಯೂ, ತಮ್ಮ ಹೆಸರಿಗೆ ಮಸಿ ಬಳಿದ ಪತ್ರಿಕೆಗಳ ವಿರುದ್ಧ ನಡೆಸಿದ ದೀರ್ಘ ಕಾನೂನು ಹೋರಾಟಕ್ಕಾಗಿಯೂ ಇವರನ್ನು ಸ್ಮರಿಸಲಾಗುತ್ತದೆ.

ಜನನ ಮತ್ತು ಬಾಲ್ಯ

ಆನಿ ಅವರ ಹುಟ್ಟುಹೆಸರು ಫೀಬಿ ಆನ್ ಮೋಸಿ. ಒಹಾಯೊ ರಾಜ್ಯದ ಡಾರ್ಕ್ ಕೌಂಟಿಯಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಪುಟ್ಟ ಮನೆಯೊಂದರಲ್ಲಿ ಇವರು ಜನಿಸಿದರು. ತಂದೆ ಜೇಕಬ್ ಮೋಸಿ, ತಾಯಿ ಸೂಸನ್. ಕ್ವೇಕರ್ ಪಂಥದ ಈ ದಂಪತಿಗಳು ಪೆನ್ಸಿಲ್ವೇನಿಯಾದಿಂದ ವಲಸೆ ಬಂದು ಒಹಾಯೊದಲ್ಲಿ ಜಮೀನನ್ನು ಗೇಣಿಗೆ ಹಿಡಿದಿದ್ದರು. ಆನಿ ಹುಟ್ಟುವ ವೇಳೆಗೆ ತಂದೆ ಅರವತ್ತು ದಾಟಿದ್ದರು. 1865ರ ಕೊನೆಯಲ್ಲಿ ಹಿಮಬಿರುಗಾಳಿಗೆ ಸಿಲುಕಿ ಆರೋಗ್ಯ ಕೆಟ್ಟ ಅವರು 1866ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅನೇಕ ಮಕ್ಕಳ ಭಾರ ತಾಯಿಯ ಮೇಲೆ ಬಿದ್ದಿತು. ಸೂಸನ್ ಮರುಮದುವೆಯಾದರೂ ಎರಡನೆಯ ಗಂಡನೂ ಕೆಲವೇ ವರ್ಷಗಳಲ್ಲಿ ಮರಣ ಹೊಂದಿದುದರಿಂದ ಸಂಸಾರ ಮತ್ತೆ ಕಷ್ಟಕ್ಕೆ ಸಿಲುಕಿತು.

1870ರಲ್ಲಿ, ಒಂಬತ್ತು ವರ್ಷದ ಆನಿಯನ್ನು ಕೌಂಟಿಯ ಅನಾಥಾಲಯಕ್ಕೆ ಸೇರಿಸಲಾಯಿತು. ಅನಾಥ ಮಕ್ಕಳು, ನಿರ್ಗತಿಕ ವೃದ್ಧರು ಮತ್ತು ಮಾನಸಿಕ ಅಸ್ವಸ್ಥರು ಒಂದೇ ಸೂರಿನಡಿ ಇರುತ್ತಿದ್ದ ಸಂಸ್ಥೆ ಅದು. ಅದನ್ನು ನೋಡಿಕೊಳ್ಳುತ್ತಿದ್ದ ಎಡಿಂಗ್ಟನ್ ದಂಪತಿಗಳು ಬಾಲಕಿಯನ್ನು ಪ್ರೀತಿಯಿಂದ ಕಂಡರು. ಹೊಲಿಗೆ ಮತ್ತು ಕಸೂತಿಯನ್ನು ಆನಿ ಅಲ್ಲಿಯೇ ಕಲಿತರು. ಮುಂದೆ ಪ್ರದರ್ಶನಗಳಲ್ಲಿ ತೊಟ್ಟ ಉಡುಪುಗಳನ್ನು ಅವರು ಸ್ವತಃ ಹೊಲಿದುಕೊಳ್ಳುತ್ತಿದ್ದುದು ಈ ಕಲಿಕೆಯ ಫಲ.

ಬಳಿಕ ಮನೆಗೆಲಸಕ್ಕೆಂದು ಒಂದು ರೈತ ಕುಟುಂಬಕ್ಕೆ ಆನಿಯನ್ನು ಕಳುಹಿಸಲಾಯಿತು. ವಾರಕ್ಕೆ 50 ಸೆಂಟ್ ಕೂಲಿಯನ್ನೂ ವಿದ್ಯಾಭ್ಯಾಸವನ್ನೂ ಕೊಡುವುದಾಗಿ ಆ ಕುಟುಂಬ ಮಾತು ಕೊಟ್ಟಿತ್ತು. ಆದರೆ ಅಲ್ಲಿ ಸಿಕ್ಕಿದ್ದು ದುಡಿತ ಮತ್ತು ಹಿಂಸೆ ಮಾತ್ರ. ಬಟ್ಟೆಗೆ ತೇಪೆ ಹಾಕುತ್ತ ತೂಕಡಿಸಿದ್ದಕ್ಕಾಗಿ ಬಾಲಕಿಯನ್ನು ಬರಿಗಾಲಿನಲ್ಲಿ ಹಿಮದೊಳಕ್ಕೆ ದೂಡಿದ ಪ್ರಸಂಗವೂ ನಡೆಯಿತು. ಸುಮಾರು ಎರಡು ವರ್ಷಗಳ ನಂತರ ಆನಿ ಅಲ್ಲಿಂದ ಓಡಿಹೋದರು. ಜೀವನಪೂರ್ತಿ ಅವರು ಆ ಕುಟುಂಬದ ಹೆಸರನ್ನು ಹೇಳಲಿಲ್ಲ. ತೋಳಗಳು ಎಂದಷ್ಟೇ ಕರೆಯುತ್ತಿದ್ದರು. ಮುಂದೆ ಅನಾಥ ಮಕ್ಕಳಿಗಾಗಿ ಅವರು ಉದಾರವಾಗಿ ವೆಚ್ಚ ಮಾಡಿದುದರ ಹಿಂದೆ ಈ ಅನುಭವವಿತ್ತು.

ಬೇಟೆ ಮತ್ತು ಜೀವನೋಪಾಯ

ತಂದೆ ತೀರಿಕೊಂಡ ಕಾಲದಲ್ಲಿಯೇ ಆನಿ ಉರುಳು ಮತ್ತು ಬೋನುಗಳನ್ನು ಒಡ್ಡಿ ಸಣ್ಣ ಪ್ರಾಣಿಗಳನ್ನೂ ಹಕ್ಕಿಗಳನ್ನೂ ಹಿಡಿಯತೊಡಗಿದ್ದರು. ಎಂಟು ವರ್ಷದವರಿದ್ದಾಗ, ಒಲೆಗೂಡಿನ ಮೇಲೆ ತೂಗುಹಾಕಿದ್ದ ತಂದೆಯ ಹಳೆಯ ಕೋವಿಯನ್ನು ಇಳಿಸಿ ಅಂಗಳದ ಅಳಿಲೊಂದನ್ನು ಹೊಡೆದರೆಂದೂ ಅದೇ ಅವರ ಮೊದಲ ಈಡೆಂದೂ ಅವರ ನೆನಪುಗಳಿಂದ ತಿಳಿದುಬರುತ್ತದೆ. ಅದು ನಳಿಗೆಯ ಬಾಯಿಯಿಂದಲೇ ಮದ್ದು ಮತ್ತು ಗುಂಡನ್ನು ತುಂಬಿ, ಗಜದಿಂದ ಗಿಡಿಯಬೇಕಾದ ಹಳೆಯ ಮಾದರಿಯ ಕೋವಿ. ಒಂದು ಈಡು ತಪ್ಪಿದರೆ ಮತ್ತೆ ತುಂಬಿಸುವಷ್ಟರಲ್ಲಿ ಬೇಟೆ ಓಡಿಹೋಗಿರುತ್ತಿತ್ತು. ಮದ್ದಿಗೂ ಹಣ ಬೇಕು. ಆದ್ದರಿಂದ ಮೊದಲ ಈಡಿನಲ್ಲಿಯೇ ಗುರಿ ಮುಟ್ಟಿಸುವುದು ಬಡ ಬೇಟೆಗಾರರಿಗೆ ಅನಿವಾರ್ಯವಾಗಿತ್ತು.

ತಾಯಿಯ ಮನೆಗೆ ಮರಳಿದ ಮೇಲೆ ಆನಿ ಬೇಟೆಯನ್ನು ನಿಯಮಿತ ಉದ್ಯೋಗವಾಗಿ ಮಾಡಿಕೊಂಡರು. ಮೊಲ, ಲಾವಕ್ಕಿ ಮತ್ತು ಗ್ರೌಸ್ ಎಂಬ ಕಾಡುಕೋಳಿ ಜಾತಿಯ ಹಕ್ಕಿಗಳನ್ನು ಹೊಡೆದು ಗ್ರೀನ್‌ವಿಲ್ ಪಟ್ಟಣದ ಕಾಟ್ಜನ್‌ಬರ್ಗರ್ ಸಹೋದರರ ಅಂಗಡಿಗೆ ಮಾರುತ್ತಿದ್ದರು. ಅಲ್ಲಿಂದ ಆ ಮಾಂಸ ಸಿನ್ಸಿನ್ಯಾಟಿ ನಗರದ ಹೋಟೆಲುಗಳಿಗೆ ಹೋಗುತ್ತಿತ್ತು. ಆನಿ ಕಳುಹಿಸಿದ ಬೇಟೆಗೆ ಬೇಡಿಕೆ ಹೆಚ್ಚಾಗಿರಲು ಒಂದು ಕಾರಣವಿತ್ತು. ಅವರು ತಲೆಗೆ ಮಾತ್ರ ಗುರಿಯಿಡುತ್ತಿದ್ದುದರಿಂದ ಮಾಂಸ ಹಾಳಾಗುತ್ತಿರಲಿಲ್ಲ, ಉಣ್ಣುವವರ ಹಲ್ಲಿಗೆ ಚರೆ ಸಿಕ್ಕುತ್ತಿರಲಿಲ್ಲ. ಹೀಗೆ ಗಳಿಸಿದ ಹಣದಿಂದ ತಾಯಿಯ ಜಮೀನಿನ ಮೇಲಿದ್ದ 200 ಡಾಲರುಗಳ ಅಡಮಾನ ಸಾಲವನ್ನು ಹದಿನೈದನೆಯ ವಯಸ್ಸಿನಲ್ಲಿ ತೀರಿಸಿದರು.

ಫ್ರಾಂಕ್ ಬಟ್ಲರ್ ಜೊತೆ ಪಂದ್ಯ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹಳ್ಳಿ ಮತ್ತು ಪಟ್ಟಣಗಳಲ್ಲಿ ಬೇಟೆಗಾರರು ಬಿಡುವಿನ ದಿನಗಳಲ್ಲಿ ಬಯಲಿನಲ್ಲಿ ಸೇರಿ ಗುರಿಯ ಪಂದ್ಯಗಳನ್ನು ನಡೆಸುವುದು ವಾಡಿಕೆಯಾಗಿತ್ತು. ಅದಕ್ಕೆ ವಿಶೇಷ ಆಯುಧಗಳು ಬೇಕಿರಲಿಲ್ಲ. ದಿನನಿತ್ಯ ಕಾಡಿಗೆ ಕೊಂಡೊಯ್ಯುವ ಕೋವಿಯನ್ನೇ ಹಿಡಿದು ಬರುತ್ತಿದ್ದರು. ಬಹುಮಾನವಾಗಿ ಟರ್ಕಿ ಕೋಳಿಯನ್ನೋ ಮಾಂಸದ ಪಾಲನ್ನೋ ಇಡುತ್ತಿದ್ದರು. ಕೆಲವೊಮ್ಮೆ ಹಣದ ಪಣವೂ ಇರುತ್ತಿತ್ತು. ಹಾರುವ ಹಕ್ಕಿಗೆ ಹೊಡೆಯುವ ಪಂದ್ಯದಲ್ಲಿ ಪಾರಿವಾಳವನ್ನು ಪೆಟ್ಟಿಗೆಯೊಂದರಲ್ಲಿ ಇಡಲಾಗುತ್ತಿತ್ತು. ಸ್ಪರ್ಧಿ ಕೂಗಿ ಸೂಚನೆ ಕೊಟ್ಟೊಡನೆ ಹಗ್ಗ ಎಳೆದು ಪೆಟ್ಟಿಗೆಯನ್ನು ತೆರೆಯುತ್ತಿದ್ದರು. ಹಾರಿದ ಹಕ್ಕಿ ಗೊತ್ತುಪಡಿಸಿದ ಎಲ್ಲೆಯೊಳಗೆ ಬಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಏಟು ತಿಂದರೂ ಎಲ್ಲೆಯಾಚೆ ಬಿದ್ದರೆ ಅದು ತಪ್ಪೆಂದೇ ಎಣಿಸಲಾಗುತ್ತಿತ್ತು.

ಫ್ರಾಂಕ್ ಬಟ್ಲರ್ ಐರ್ಲೆಂಡಿನಿಂದ ವಲಸೆ ಬಂದಿದ್ದ, ಆನಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯರಾಗಿದ್ದ ಗುರಿಗಾರ. ಊರೂರು ಸುತ್ತಿ ರಂಗದ ಮೇಲೆ ಬಂದೂಕಿನ ಚಮತ್ಕಾರ ತೋರಿಸುವುದು ಅವರ ವೃತ್ತಿ. ತಂಡ ಸಿನ್ಸಿನ್ಯಾಟಿಯಲ್ಲಿ ಬೀಡುಬಿಟ್ಟಿದ್ದಾಗ, ಆ ಸೀಮೆಯ ಯಾವ ಗುರಿಗಾರನನ್ನಾದರೂ ತಾನು ಸೋಲಿಸಬಲ್ಲೆನೆಂದು ಬಟ್ಲರ್ ಪಣ ತೊಟ್ಟರು. ಜ್ಯಾಕ್ ಫ್ರಾಸ್ಟ್ ಎಂಬ ಹೋಟೆಲ್ ಮಾಲೀಕರು ಸವಾಲನ್ನು ಒಪ್ಪಿಕೊಂಡರು. ಪಣದ ಮೊತ್ತ 100 ಡಾಲರ್. ಬೇಟೆಯ ಮಾಂಸದ ವ್ಯವಹಾರದಿಂದ ಆನಿಯ ಕೈಚಳಕವನ್ನು ಬಲ್ಲ ಫ್ರಾಸ್ಟ್, ಬಟ್ಲರ್ ಎದುರು ಅವರನ್ನೇ ನಿಲ್ಲಿಸಿದರು.

ಎದುರಾಳಿಯಾಗಿ ಬಂದವಳು ಸುಮಾರು ಐದು ಅಡಿ ಎತ್ತರದ ಹಳ್ಳಿಯ ಹುಡುಗಿ ಎಂದು ತಿಳಿದಾಗ ಬಟ್ಲರ್ ಆಶ್ಚರ್ಯಪಟ್ಟರು. ಇಬ್ಬರಿಗೂ ತಲಾ 25 ಈಡುಗಳು. ಒಬ್ಬರ ನಂತರ ಒಬ್ಬರಂತೆ ಹೊಡೆಯುತ್ತ ಹೋದರು. ಕೊನೆಯ ಸುತ್ತಿನಲ್ಲಿ ಬಟ್ಲರ್ ಗುರಿ ತಪ್ಪಿತು. ಆನಿ ಇಪ್ಪತ್ತೈದನ್ನೂ ಹೊಡೆದು ಗೆದ್ದರು. ಈ ಪಂದ್ಯ ನಡೆದ ಕಾಲದ ಬಗ್ಗೆ ಭಿನ್ನಾಭಿಪ್ರಾಯವಿದೆ. 1875ರ ನವೆಂಬರ್ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೆಂಬುದು ರೂಢಿಯಲ್ಲಿರುವ ಕಥನ. ಬಟ್ಲರ್ ತಂಡದ ಸಂಚಾರದ ದಾಖಲೆಗಳನ್ನು ಪರಿಶೀಲಿಸಿದ ಕೆಲವು ಜೀವನಚರಿತ್ರಕಾರರು ಅದು 1881ರಲ್ಲಿ ನಡೆದಿರಬೇಕೆಂದು ಅಭಿಪ್ರಾಯಪಡುತ್ತಾರೆ.

ಪಂದ್ಯದಲ್ಲಿ ಗೆದ್ದವರು ವೃತ್ತಿಪರ ಕಲಾವಿದೆಯಲ್ಲ, ಬೇಟೆಯಿಂದ ಹೊಟ್ಟೆ ಹೊರೆಯುತ್ತಿದ್ದ ಹುಡುಗಿ. ರಂಗದ ಮೇಲೆ ಗೊತ್ತಾದ ದೂರದಲ್ಲಿ, ಗೊತ್ತಾದ ಬೆಳಕಿನಲ್ಲಿ ಹೊಡೆಯುವುದಕ್ಕೂ ಯಾವ ದಿಕ್ಕಿಗೆ ಹಾರುವುದೋ ತಿಳಿಯದ ಹಕ್ಕಿಗೆ ಬಯಲಿನಲ್ಲಿ ಹೊಡೆಯುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಆನಿಗೆ ವರ್ಷಗಳ ಅಭ್ಯಾಸವಿತ್ತು.

ವಿವಾಹ ಮತ್ತು ರಂಗಪ್ರವೇಶ

ಸೋತ ಬಟ್ಲರ್ ಮುನಿಸಿಕೊಳ್ಳಲಿಲ್ಲ. ಆನಿಯನ್ನೂ ಅವರ ಮನೆಯವರನ್ನೂ ತಮ್ಮ ಪ್ರದರ್ಶನಕ್ಕೆ ಆಹ್ವಾನಿಸಿದರು. ಬಟ್ಲರ್ ಸಾಕಿದ್ದ ಜಾರ್ಜ್ ಎಂಬ ಪೂಡಲ್ ನಾಯಿ ಆನಿಯ ಪಾದದ ಬಳಿ ಸೇಬಿನ ಚೂರೊಂದನ್ನು ತಂದಿಟ್ಟಿತೆಂದೂ ಅಲ್ಲಿಂದ ಇಬ್ಬರ ಸ್ನೇಹ ಬೆಳೆಯಿತೆಂದೂ ಹೇಳುತ್ತಾರೆ. ಇಬ್ಬರೂ 1876ರ ಆಗಸ್ಟ್ 23ರಂದು ಮದುವೆಯಾದರೆಂಬುದು ದಂಪತಿಗಳು ನೀಡಿದ ವಿವರ. ಆದರೆ ಲಭ್ಯವಿರುವ ವಿವಾಹ ಪತ್ರದಲ್ಲಿ 1882ರ ಜೂನ್ 20, ಕೆನಡಾದ ವಿಂಡ್ಸರ್ ಎಂದಿದೆ. ಬಟ್ಲರ್ ಅವರ ಮೊದಲ ವಿವಾಹದ ವಿಚ್ಛೇದನ ತಡವಾದುದೇ ಈ ವ್ಯತ್ಯಾಸಕ್ಕೆ ಕಾರಣವಿರಬಹುದೆಂಬ ಊಹೆಯಿದೆ.

1882ರಲ್ಲಿ ಬಟ್ಲರ್ ಅವರ ಜೊತೆಗಾರ ಅಸ್ವಸ್ಥನಾದಾಗ ಆನಿ ಆ ಸ್ಥಾನದಲ್ಲಿ ರಂಗದ ಮೇಲೆ ನಿಂತರು. ಪ್ರೇಕ್ಷಕರ ಮೆಚ್ಚುಗೆ ಆನಿಗೇ ಹೆಚ್ಚಾಗಿ ಸಲ್ಲುತ್ತಿರುವುದನ್ನು ಕಂಡ ಬಟ್ಲರ್ ಕ್ರಮೇಣ ತಾವು ಹಿಂದೆ ಸರಿದರು. ಹೆಂಡತಿಯ ವ್ಯವಸ್ಥಾಪಕರಾಗಿ, ಬಂದೂಕು ತುಂಬಿಸಿಕೊಡುವ ಸಹಾಯಕರಾಗಿ, ಲೆಕ್ಕಪತ್ರ ಹಾಗೂ ಪ್ರಚಾರ ನೋಡಿಕೊಳ್ಳುವವರಾಗಿ ಉಳಿದ ಆಯುಷ್ಯವನ್ನು ಕಳೆದರು. ಗಂಡಸೊಬ್ಬ ಹೆಂಡತಿಯ ಖ್ಯಾತಿಗಾಗಿ ತನ್ನ ವೃತ್ತಿಯನ್ನು ಬದಿಗಿಡುವುದು ಆ ಕಾಲದಲ್ಲಿ ಅಪರೂಪವಾಗಿತ್ತು. ಓಕ್ಲಿ ಎಂಬುದು ಆನಿ ರಂಗಕ್ಕಾಗಿ ಇಟ್ಟುಕೊಂಡ ಹೆಸರು. ಸಿನ್ಸಿನ್ಯಾಟಿಯ ಓಕ್ಲಿ ಎಂಬ ಬಡಾವಣೆಯಿಂದ ಅದನ್ನು ಆರಿಸಿಕೊಂಡಿರಬಹುದೆಂದು ನಂಬಲಾಗಿದೆ.

1884ರಲ್ಲಿ ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಲಕೋಟ ಬುಡಕಟ್ಟಿನ ನಾಯಕ ಸಿಟಿಂಗ್ ಬುಲ್ ಆನಿಯ ಪ್ರದರ್ಶನ ನೋಡಿದರು. 1876ರ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಅಮೆರಿಕದ ಸೇನೆಯನ್ನು ಸೋಲಿಸಿದ ಬುಡಕಟ್ಟುಗಳ ಮುಖಂಡರಲ್ಲಿ ಅವರೂ ಒಬ್ಬರು. ಆನಿಯ ಕೌಶಲವನ್ನು ಮೆಚ್ಚಿದ ಸಿಟಿಂಗ್ ಬುಲ್ ಅವರನ್ನು ಮಗಳಂತೆ ಭಾವಿಸಿ, ಎಂದೂ ಗುರಿ ತಪ್ಪದ ಪುಟ್ಟ ಹುಡುಗಿ ಎಂಬ ಅರ್ಥದ ಹೆಸರನ್ನು ತಮ್ಮ ಭಾಷೆಯಲ್ಲಿ ಇಟ್ಟರು. ಮುಂದೆ ಪ್ರಚಾರದ ಭಿತ್ತಿಪತ್ರಗಳಲ್ಲಿ ಲಿಟಲ್ ಶ್ಯೂರ್ ಶಾಟ್ ಎಂಬ ಬಿರುದಾಗಿ ಅದು ಪ್ರಸಿದ್ಧವಾಯಿತು.

ಬಫಲೋ ಬಿಲ್ ತಂಡದಲ್ಲಿ

1885ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಆನಿ ಬಫಲೋ ಬಿಲ್ ಅವರ ತಂಡವನ್ನು ಸೇರಿದರು. ಕುದುರೆ ಸವಾರಿ, ಕಾಡೆಮ್ಮೆ ಬೇಟೆಯ ಅಣಕು, ಗಾಡಿಯ ಮೇಲಿನ ದಾಳಿ ಮೊದಲಾದ ದೃಶ್ಯಗಳನ್ನು ಬಯಲು ರಂಗದಲ್ಲಿ ತೋರಿಸುತ್ತಿದ್ದ ಬೃಹತ್ ತಂಡ ಅದು. ಅಲ್ಲಿದ್ದ ಹೆಸರಾಂತ ಗುರಿಗಾರ ಆಡಮ್ ಬೊಗಾರ್ಡಸ್ ತಂಡ ಬಿಟ್ಟುದರಿಂದ ತೆರವಾದ ಸ್ಥಾನ ಆನಿಗೆ ದೊರೆಯಿತು. ಸಿಟಿಂಗ್ ಬುಲ್ ಕೂಡ ಅದೇ ವರ್ಷ ಒಂದು ಋತುವಿನ ಕಾಲ ಈ ತಂಡದಲ್ಲಿದ್ದರು.

ಆನಿಯ ಕಾರ್ಯಕ್ರಮವನ್ನು ಪ್ರದರ್ಶನದ ಆರಂಭದಲ್ಲಿಯೇ ಇಡಲಾಗುತ್ತಿತ್ತು. ಮಹಿಳೆಯೊಬ್ಬರು ನಗುನಗುತ್ತ ಬಂದು ಸಣ್ಣ ಸದ್ದಿನ ಈಡುಗಳಿಂದ ಆರಂಭಿಸಿದರೆ, ಬಂದೂಕಿನ ಸದ್ದಿಗೆ ಅಂಜುವ ಪ್ರೇಕ್ಷಕರಿಗೂ ಧೈರ್ಯ ಬರುವುದೆಂಬುದು ವ್ಯವಸ್ಥಾಪಕರ ಲೆಕ್ಕಾಚಾರ. ಮೇಲಕ್ಕೆಸೆದ ಗಾಜಿನ ಗೋಲಿಗಳನ್ನು ಸಾಲಾಗಿ ಒಡೆಯುವುದು, ಕನ್ನಡಿಯಲ್ಲಿ ನೋಡುತ್ತ ಬೆನ್ನ ಹಿಂದಿನ ಗುರಿಗೆ ಹೊಡೆಯುವುದು, ಅಡ್ಡಲಾಗಿ ಹಿಡಿದ ಇಸ್ಪೀಟೆಲೆಯ ಅಂಚನ್ನು ಸೀಳುವುದು, ಗಂಡನ ತುಟಿಯಲ್ಲಿದ್ದ ಸಿಗರೇಟನ್ನು ಹಾರಿಸುವುದು ಇವು ಅವರ ಮುಖ್ಯ ಚಮತ್ಕಾರಗಳು. ಮೊಣಕಾಲಿಗಿಂತ ಕೆಳಗಿನ ಲಂಗ, ಕಾಲುಚೀಲ ಹಾಗೂ ಅಗಲ ಅಂಚಿನ ಟೋಪಿ ಅವರ ಉಡುಪು. ಅವರು ಷರಾಯಿ ತೊಡುತ್ತಿರಲಿಲ್ಲ. ಕುದುರೆಯ ಮೇಲೆ ಒಂದೇ ಬದಿಗೆ ಕಾಲಿಟ್ಟು ಕುಳಿತು ಸವಾರಿ ಮಾಡುತ್ತಿದ್ದರು.

ಗಾಜಿನ ಗೋಲಿಗಳ ಬಳಕೆಯ ಹಿನ್ನೆಲೆಯನ್ನು ತಿಳಿಯುವುದು ಉಪಯುಕ್ತ. ಜೀವಂತ ಪಾರಿವಾಳಗಳನ್ನು ಕೊಲ್ಲುವ ಪಂದ್ಯಗಳಿಗೆ ವಿರೋಧ ಹೆಚ್ಚುತ್ತಿದ್ದಂತೆ, 1870ರ ದಶಕದಲ್ಲಿ ಟೊಳ್ಳು ಗಾಜಿನ ಗೋಲಿಗಳು ಬಳಕೆಗೆ ಬಂದವು. ಇವುಗಳನ್ನು ಜನಪ್ರಿಯಗೊಳಿಸಿದವರು ಮೇಲೆ ಹೇಳಿದ ಬೊಗಾರ್ಡಸ್. ಒಡೆದಾಗ ಹಕ್ಕಿಯೇ ಬಿದ್ದಂತೆ ಕಾಣಲೆಂದು ಕೆಲವು ಗೋಲಿಗಳಲ್ಲಿ ಗರಿಗಳನ್ನು ತುಂಬುತ್ತಿದ್ದರು. 1880ರಲ್ಲಿ ಸಿನ್ಸಿನ್ಯಾಟಿಯ ಜಾರ್ಜ್ ಲಿಗೌಸ್ಕಿ ತಟ್ಟೆಯಾಕಾರದ ಮಣ್ಣಿನ ಬಿಲ್ಲೆಯನ್ನು ರೂಪಿಸಿದರು. ಯಂತ್ರದಿಂದ ಚಿಮ್ಮಿಸಿದಾಗ ಹಕ್ಕಿಯಂತೆಯೇ ತೇಲಿಹೋಗುವ ಈ ಬಿಲ್ಲೆಗಳು ಇಂದಿನ ಟ್ರ್ಯಾಪ್ ಶೂಟಿಂಗ್ ಕ್ರೀಡೆಗೆ ಅಡಿಪಾಯವಾದವು. ಆನಿ ಈ ಮೂರೂ ಬಗೆಯ ಗುರಿಗಳಲ್ಲಿ ಸ್ಪರ್ಧಿಸಿದವರು. 1884ರಲ್ಲಿ .22 ರೈಫಲ್‌ನಿಂದ 1000 ಗಾಜಿನ ಗೋಲಿಗಳಲ್ಲಿ 943ನ್ನು ಒಡೆದರು. 1885ರಲ್ಲಿ ಒಂದೇ ದಿನ 5000 ಗೋಲಿಗಳಿಗೆ ಗುರಿಯಿಟ್ಟು 4772ನ್ನು ಒಡೆದರು. ಆ ದಿನ ಬಂದೂಕುಗಳನ್ನು ತಾವೇ ತುಂಬಿಸಿಕೊಂಡಿದ್ದರು.

1886ರಲ್ಲಿ ಕ್ಯಾಲಿಫೋರ್ನಿಯಾದ ಹದಿನೈದು ವರ್ಷದ ಲಿಲಿಯನ್ ಸ್ಮಿತ್ ತಂಡಕ್ಕೆ ಸೇರಿದರು. ಅವರು ರೈಫಲ್‌ನಲ್ಲಿ ನಿಪುಣರಾಗಿದ್ದರೆ ಆನಿ ಚರೆ ಬಂದೂಕಿನಲ್ಲಿ ಹೆಸರಾಗಿದ್ದರು. ಇಬ್ಬರ ನಡುವೆ ಪೈಪೋಟಿ ಬೆಳೆಯಿತು. ಆನಿ ತಮ್ಮ ಜನ್ಮವರ್ಷವನ್ನು 1866 ಎಂದು ಹೇಳಿಕೊಳ್ಳತೊಡಗಿದ್ದು ಈ ಎಳೆಯ ಪ್ರತಿಸ್ಪರ್ಧಿಯ ಕಾರಣದಿಂದ ಎಂದು ಜೀವನಚರಿತ್ರಕಾರರು ಭಾವಿಸುತ್ತಾರೆ. ಹಲವು ಹಳೆಯ ಬರಹಗಳಲ್ಲಿ ಅವರ ವಯಸ್ಸು ಆರು ವರ್ಷ ಕಡಿಮೆಯಾಗಿ ನಮೂದಾಗಿರುವುದಕ್ಕೆ ಇದೇ ಕಾರಣ.

ಯೂರೋಪ್ ಪ್ರವಾಸ

1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ತಂಡ ಲಂಡನ್‌ಗೆ ಹೋಯಿತು. ಮೇ ತಿಂಗಳಲ್ಲಿ ರಾಣಿ ಸ್ವತಃ ಬಂದು ಪ್ರದರ್ಶನವನ್ನು ವೀಕ್ಷಿಸಿ ಆನಿಯನ್ನು ಅಭಿನಂದಿಸಿದರು. ವೇಲ್ಸ್ ರಾಜಕುಮಾರ ಎಡ್ವರ್ಡ್ ಮತ್ತು ಅವರ ಪತ್ನಿ ಅಲೆಕ್ಸಾಂಡ್ರಾ ಅವರನ್ನು ಭೇಟಿಯಾದಾಗ, ಪದ್ಧತಿಯನ್ನು ಮೀರಿ ಆನಿ ಮೊದಲು ರಾಜಕುಮಾರಿಯ ಕೈಕುಲುಕಿದ ಪ್ರಸಂಗ ಪತ್ರಿಕೆಗಳಲ್ಲಿ ಚರ್ಚೆಯಾಯಿತು.

ಲಂಡನ್ನಿನ ಗನ್ ಕ್ಲಬ್ಬಿನಲ್ಲಿ ಆನಿಗೆ ಹೊಸ ಸವಾಲು ಎದುರಾಯಿತು. ಇಂಗ್ಲೆಂಡಿನ ಪಂದ್ಯಗಳಲ್ಲಿ ಬಳಸುತ್ತಿದ್ದ ನೀಲಿ ಪಾರಿವಾಳಗಳು ಅಮೆರಿಕದವುಗಳಿಗಿಂತ ಚುರುಕಾಗಿದ್ದವು. ಆನಿಯ ಬಂದೂಕು ಅವರ ಮೈಕಟ್ಟಿಗೆ ಭಾರವಾಗಿತ್ತು. ಮೊದಲ ಪ್ರಯತ್ನದಲ್ಲಿ ಬಹುಪಾಲು ಹಕ್ಕಿಗಳು ತಪ್ಪಿಹೋದವು. ಆಗ ಬಂದೂಕು ತಯಾರಕ ಚಾರ್ಲ್ಸ್ ಲ್ಯಾಂಕಾಸ್ಟರ್ ಅವರ ತೋಳಿನ ಉದ್ದ ಮತ್ತು ಭುಜದ ಅಳತೆಗೆ ಹೊಂದುವ ಹಗುರವಾದ ಬಂದೂಕನ್ನು ಮಾಡಿಕೊಟ್ಟು, ತಮ್ಮ ಮೈದಾನದಲ್ಲಿ ಅಭ್ಯಾಸಕ್ಕೂ ಅವಕಾಶ ನೀಡಿದರು. ಕೆಲವೇ ವಾರಗಳಲ್ಲಿ ಆನಿಯ ಗುರಿ ಸುಧಾರಿಸಿತು. ಕ್ಲಬ್ಬು ಪದಕ ನೀಡಿ ಗೌರವಿಸಿತು. ಗುರಿಗಾರಿಕೆಯಲ್ಲಿ ಕಣ್ಣಿನಷ್ಟೇ ಬಂದೂಕಿನ ಅಳತೆಯೂ ಮುಖ್ಯವೆಂಬ ಅರಿವು ಮುಂದೆ ಅವರು ಮಹಿಳೆಯರಿಗೆ ತರಬೇತಿ ನೀಡುವಾಗ ಉಪಯೋಗಕ್ಕೆ ಬಂದಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ ಆನಿ ಮತ್ತು ಲಿಲಿಯನ್ ಸ್ಮಿತ್ ವಿಂಬಲ್ಡನ್‌ನಲ್ಲಿ ನಡೆಯುತ್ತಿದ್ದ ರೈಫಲ್ ಕೂಟಕ್ಕೆ ಹೋದರು. ಅಲ್ಲಿ ಬೇಟೆಗಾರರಿಗೆ ಪ್ರಿಯವಾದ ಓಡುವ ಜಿಂಕೆ ಎಂಬ ಸ್ಪರ್ಧೆಯಿತ್ತು. ಜಿಂಕೆಯಾಕಾರದ ಗುರಿಯನ್ನು ಹಳಿಯ ಮೇಲೆ ವೇಗವಾಗಿ ಎಳೆಯುತ್ತಿದ್ದರು. ಅದು ಹಾದುಹೋಗುವ ಕೆಲವೇ ಕ್ಷಣಗಳಲ್ಲಿ ಹೊಡೆಯಬೇಕಿತ್ತು. ಗುಂಡು ಎದೆಯ ಭಾಗಕ್ಕೆ ತಾಗಿದರೆ ಅಂಕ. ಹಿಂತೊಡೆಗೆ ತಾಗಿದರೆ ದಂಡ. ನಿಜವಾದ ಬೇಟೆಯಲ್ಲಿ ಅಂಥ ಏಟು ಪ್ರಾಣಿಯನ್ನು ಕೊಲ್ಲದೆ ನರಳಿಸುತ್ತದೆ ಎಂಬುದೇ ಈ ನಿಯಮದ ತಾತ್ಪರ್ಯ. ಲಿಲಿಯನ್ ಅಲ್ಲಿ ಎಡವಿದರು. ಆನಿ ಉತ್ತಮವಾಗಿ ಗುರಿಯಿಟ್ಟು ಎಡ್ವರ್ಡ್ ರಾಜಕುಮಾರನ ಮೆಚ್ಚುಗೆ ಗಳಿಸಿದರು.

ತಂಡದೊಳಗಿನ ಮನಸ್ತಾಪದಿಂದ ಆನಿ 1887ರ ಕೊನೆಯಲ್ಲಿ ಬಫಲೋ ಬಿಲ್ ಅವರನ್ನು ಬಿಟ್ಟು ಕೆಲಕಾಲ ಬೇರೆ ಪ್ರದರ್ಶನಗಳಲ್ಲಿ ಮತ್ತು ಪಂದ್ಯಗಳಲ್ಲಿ ತೊಡಗಿಕೊಂಡರು. ಲಿಲಿಯನ್ ತಂಡದಿಂದ ನಿರ್ಗಮಿಸಿದ ಮೇಲೆ ಹಿಂದಿರುಗಿ, 1889ರ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನದ ಸಂದರ್ಭದಲ್ಲಿ ಅಪಾರ ಜನಪ್ರಿಯತೆ ಗಳಿಸಿದರು. ಬಳಿಕ ಸ್ಪೇನ್, ಇಟಲಿ, ಜರ್ಮನಿಗಳಲ್ಲಿ ಸಂಚಾರ ನಡೆಯಿತು. ಜರ್ಮನಿಯ ಎರಡನೆಯ ವಿಲ್ಹೆಲ್ಮ್ ಹಿಡಿದಿದ್ದ ಸಿಗರೇಟಿನ ಬೂದಿಯನ್ನು ಅವರ ಕೋರಿಕೆಯಂತೆ ಆನಿ ಗುಂಡಿನಿಂದ ಹಾರಿಸಿದರೆಂಬ ಕಥೆ ಪ್ರಚಲಿತವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, ಆ ದಿನ ಗುರಿ ತುಸು ತಪ್ಪಿದ್ದರೆ ಯುದ್ಧವೇ ನಡೆಯುತ್ತಿರಲಿಲ್ಲವೇನೋ ಎಂದು ಜನ ತಮಾಷೆ ಮಾಡುತ್ತಿದ್ದರು.

1894ರ ನವೆಂಬರ್ 1ರಂದು ಥಾಮಸ್ ಎಡಿಸನ್ ಅವರ ನ್ಯೂಜೆರ್ಸಿಯ ಸ್ಟುಡಿಯೊದಲ್ಲಿ ಆನಿ ಗಾಜಿನ ಗೋಲಿಗಳನ್ನು ಒಡೆಯುವ ದೃಶ್ಯವನ್ನು ಚಿತ್ರೀಕರಿಸಲಾಯಿತು. ಚಲನಚಿತ್ರದ ಆರಂಭಕಾಲದ ಈ ಕಿರುದೃಶ್ಯ ಇಂದಿಗೂ ಉಳಿದುಬಂದಿದೆ.

ಅಪಘಾತ ಮತ್ತು ಮಾನನಷ್ಟ ಮೊಕದ್ದಮೆಗಳು

1901ರ ಅಕ್ಟೋಬರ್ 29ರಂದು ನಾರ್ತ್ ಕರೊಲಿನಾ ರಾಜ್ಯದ ಲೆಕ್ಸಿಂಗ್ಟನ್ ಬಳಿ ತಂಡದ ರೈಲು ಎದುರಿನಿಂದ ಬಂದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆಯಿತು. ನೂರಕ್ಕೂ ಹೆಚ್ಚು ಕುದುರೆಗಳು ಸತ್ತವು. ಆನಿಯೂ ಗಾಯಗೊಂಡರು. ಅಲ್ಲಿಗೆ ಬಫಲೋ ಬಿಲ್ ತಂಡದೊಂದಿಗಿನ ಅವರ ಸಂಬಂಧ ಮುಗಿಯಿತು. ಬಟ್ಲರ್ ತೋಟಾ ತಯಾರಿಕಾ ಕಂಪನಿಯೊಂದರ ಪ್ರತಿನಿಧಿಯಾದರು. ಆನಿ ಸ್ವಲ್ಪ ಕಾಲ ನಾಟಕದಲ್ಲಿ ಅಭಿನಯಿಸಿದರು.

1903ರ ಆಗಸ್ಟ್‌ನಲ್ಲಿ ಅವರ ಬದುಕಿನ ಅತ್ಯಂತ ಕಠಿಣ ಪರೀಕ್ಷೆ ಎದುರಾಯಿತು. ಮಾದಕ ವಸ್ತು ಕೊಳ್ಳುವ ಸಲುವಾಗಿ ಕಳ್ಳತನ ಮಾಡಿ ಆನಿ ಓಕ್ಲಿ ಸೆರೆಯಾಗಿದ್ದಾರೆಂದು ವಿಲಿಯಂ ರ್‍ಯಾಂಡಾಲ್ಫ್ ಹರ್ಸ್ಟ್ ಒಡೆತನದ ಷಿಕಾಗೊ ಪತ್ರಿಕೆಗಳು ವರದಿ ಮಾಡಿದವು. ತಂತಿಯ ಮೂಲಕ ಸುದ್ದಿ ದೇಶದ ತುಂಬ ಹಬ್ಬಿ, ಪರಿಶೀಲನೆಯಿಲ್ಲದೆ ಅನೇಕ ಪತ್ರಿಕೆಗಳಲ್ಲಿ ಅಚ್ಚಾಯಿತು. ವಾಸ್ತವವಾಗಿ ಸೆರೆಯಾದವಳು ಆನಿಯ ಹೆಸರನ್ನು ಹೇಳಿಕೊಂಡ ಬೇರೊಬ್ಬ ರಂಗನಟಿ. ಆ ದಿನ ಆನಿ ಷಿಕಾಗೊದಲ್ಲಿ ಇರಲೇ ಇಲ್ಲ.

ಅನೇಕ ಪತ್ರಿಕೆಗಳು ತಪ್ಪೊಪ್ಪಿಗೆ ಪ್ರಕಟಿಸಿದರೂ ಆನಿಗೆ ಸಮಾಧಾನವಾಗಲಿಲ್ಲ. ಒಟ್ಟು 55 ಪತ್ರಿಕೆಗಳ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. 1910ರವರೆಗೆ ಊರಿಂದ ಊರಿಗೆ ನ್ಯಾಯಾಲಯಗಳನ್ನು ಸುತ್ತಿ ಸಾಕ್ಷ್ಯ ನುಡಿದರು. ಪರಿಹಾರ ಕೊಡುವುದನ್ನು ತಪ್ಪಿಸಿಕೊಳ್ಳಲು ಹರ್ಸ್ಟ್, ಆನಿಯ ಹುಟ್ಟೂರಿನ ಸೀಮೆಗೆ ಪತ್ತೇದಾರನನ್ನು ಕಳುಹಿಸಿ ಕಳಂಕವೇನಾದರೂ ಸಿಕ್ಕೀತೇ ಎಂದು ಹುಡುಕಿಸಿದರು, ಏನೂ ಸಿಗಲಿಲ್ಲ. 55ರಲ್ಲಿ 54 ಮೊಕದ್ದಮೆಗಳು ತೀರ್ಪಿನಿಂದಲೋ ರಾಜಿಯಿಂದಲೋ ಆನಿಯ ಪರವಾಗಿ ಮುಗಿದವು. ಬಂದ ಪರಿಹಾರಕ್ಕಿಂತ ವಕೀಲರ ಶುಲ್ಕ ಮತ್ತು ಪ್ರಯಾಣದ ವೆಚ್ಚವೇ ಹೆಚ್ಚಾಯಿತು. ಆದರೆ ಹಣ ಅವರ ಗುರಿಯಾಗಿರಲಿಲ್ಲ. ಬಡತನದಿಂದ ಮೇಲೆ ಬಂದ ಮಹಿಳೆಗೆ, ಅದೂ ರಂಗದ ಮೇಲೆ ದುಡಿಯುವವಳಿಗೆ, ಒಳ್ಳೆಯ ಹೆಸರೇ ಆಸ್ತಿಯೆಂಬುದನ್ನು ಅವರು ಬಲ್ಲವರಾಗಿದ್ದರು. ಪರಿಶೀಲಿಸದೆ ಸುದ್ದಿ ಪ್ರಕಟಿಸುವ ಪತ್ರಿಕೆಗಳ ಹೊಣೆಗಾರಿಕೆಯ ಚರ್ಚೆಯಲ್ಲಿ ಈ ಮೊಕದ್ದಮೆಗಳನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಮಹಿಳೆಯರಿಗೆ ತರಬೇತಿ ಮತ್ತು ಸಮಾಜಸೇವೆ

ಬಂದೂಕು ಹಿಡಿಯುವುದು ಮಹಿಳೆಯರಿಗೆ ಆತ್ಮರಕ್ಷಣೆಗೂ ವ್ಯಾಯಾಮಕ್ಕೂ ಮನೋಸ್ಥೈರ್ಯಕ್ಕೂ ಒಳ್ಳೆಯದೆಂದು ಆನಿ ನಂಬಿದ್ದರು. 1915ರ ನಂತರ ನಾರ್ತ್ ಕರೊಲಿನಾದ ಪೈನ್‌ಹರ್ಸ್ಟ್ ವಿಹಾರಧಾಮದಲ್ಲಿ ಚಳಿಗಾಲಗಳನ್ನು ಕಳೆಯುತ್ತ ಅಲ್ಲಿಗೆ ಬರುವ ಮಹಿಳೆಯರಿಗೆ ತರಬೇತಿ ನೀಡಿದರು. ಜೀವಿತಕಾಲದಲ್ಲಿ ಸುಮಾರು 15,000 ಮಹಿಳೆಯರಿಗೆ ಬಂದೂಕು ಬಳಸುವುದನ್ನು ಕಲಿಸಿದರೆಂದು ನಂಬಲಾಗಿದೆ. ಆದರೆ ಮಹಿಳೆಯರ ಮತದಾನದ ಹಕ್ಕಿನ ಚಳವಳಿಯಲ್ಲಿ ಅವರು ತೊಡಗಿಕೊಳ್ಳಲಿಲ್ಲ.

1898ರಲ್ಲಿ ಸ್ಪೇನ್ ಜೊತೆ ಯುದ್ಧದ ಸೂಚನೆ ಕಂಡಾಗ, ಸ್ವಂತ ಬಂದೂಕು ಮತ್ತು ತೋಟಾಗಳೊಂದಿಗೆ 50 ಮಹಿಳಾ ಗುರಿಗಾರರ ಪಡೆಯನ್ನು ಒದಗಿಸುವುದಾಗಿ ಅಧ್ಯಕ್ಷ ಮೆಕಿನ್ಲಿ ಅವರಿಗೆ ಪತ್ರ ಬರೆದರು. ಸರ್ಕಾರ ಅದನ್ನು ಒಪ್ಪಿಕೊಳ್ಳಲಿಲ್ಲ. ಮೊದಲ ಮಹಾಯುದ್ಧದಲ್ಲಿಯೂ ಇಂಥದೇ ಕೊಡುಗೆ ನಿರಾಕರಣೆಗೊಂಡಿತು. ಆಗ ಸೈನಿಕ ಶಿಬಿರಗಳನ್ನು ಸುತ್ತಿ ಸ್ವಂತ ಖರ್ಚಿನಲ್ಲಿ ಪ್ರದರ್ಶನ ನೀಡಿದರು. ಅವರ ನಾಯಿ ಡೇವ್, ಕರವಸ್ತ್ರದಲ್ಲಿ ಕಟ್ಟಿ ಬಚ್ಚಿಟ್ಟ ಹಣವನ್ನು ವಾಸನೆಯಿಂದ ಪತ್ತೆಹಚ್ಚುತ್ತಿತ್ತು. ಹಾಗೆ ಸಿಕ್ಕ ಹಣ ರೆಡ್ ಕ್ರಾಸ್ ಸಂಸ್ಥೆಗೆ ಸೇರುತ್ತಿತ್ತು. ತಾವು ಗೆದ್ದ ಚಿನ್ನದ ಪದಕಗಳನ್ನು ಕರಗಿಸಿ ಮಾರಿ, ಆ ಹಣವನ್ನು ದಾನ ಮಾಡಿದರು.

ಕೊನೆಯ ದಿನಗಳು

1913ರಲ್ಲಿ ಆನಿ ನಿಯಮಿತ ಪ್ರದರ್ಶನಗಳಿಂದ ನಿವೃತ್ತರಾದರು. ಆದರೆ ಗುರಿ ಮಸುಕಾಗಲಿಲ್ಲ. 1922ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಪೈನ್‌ಹರ್ಸ್ಟ್‌ನ ಸ್ಪರ್ಧೆಯೊಂದರಲ್ಲಿ 16 ಗಜ ದೂರದಿಂದ ಸತತ 100 ಮಣ್ಣಿನ ಬಿಲ್ಲೆಗಳನ್ನು ಒಡೆದರು. ಅದೇ ವರ್ಷದ ನವೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ಮೋಟಾರು ಅಪಘಾತಕ್ಕೆ ಸಿಲುಕಿ, ಬಲಗಾಲಿಗೆ ಉಕ್ಕಿನ ಆಧಾರ ಕಟ್ಟಿಕೊಳ್ಳಬೇಕಾಯಿತು. ಆದರೂ ಚೇತರಿಸಿಕೊಂಡು ಮತ್ತೆ ಬಂದೂಕು ಹಿಡಿದರು.

ಆರೋಗ್ಯ ಕ್ಷೀಣಿಸುತ್ತ ಬಂದು, 1926ರ ನವೆಂಬರ್ 3ರಂದು ಗ್ರೀನ್‌ವಿಲ್‌ನಲ್ಲಿ ತಮ್ಮ 66ನೆಯ ವಯಸ್ಸಿನಲ್ಲಿ ತೀವ್ರ ರಕ್ತಹೀನತೆಯಿಂದ ನಿಧನರಾದರು. ಮಿಷಿಗನ್‌ನಲ್ಲಿದ್ದ ಫ್ರಾಂಕ್ ಬಟ್ಲರ್ 18 ದಿನಗಳ ಅಂತರದಲ್ಲಿ, ನವೆಂಬರ್ 21ರಂದು ತೀರಿಕೊಂಡರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಗ್ರೀನ್‌ವಿಲ್ ಬಳಿಯ ಬ್ರಾಕ್ ಸ್ಮಶಾನದಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ.

ಜನಪ್ರಿಯ ಚಿತ್ರಣ ಮತ್ತು ವಾಸ್ತವ

ಆನಿಯ ಬದುಕನ್ನು ಆಧರಿಸಿ 1935ರಲ್ಲಿ ಜಾರ್ಜ್ ಸ್ಟೀವನ್ಸ್ ನಿರ್ದೇಶನದ, ಬಾರ್ಬರಾ ಸ್ಟ್ಯಾನ್ವಿಕ್ ಅಭಿನಯದ ಚಲನಚಿತ್ರ ಬಂದಿತು. 1946ರಲ್ಲಿ ಅರ್ವಿಂಗ್ ಬರ್ಲಿನ್ ಸಂಗೀತದ 'ಆನಿ ಗೆಟ್ ಯುವರ್ ಗನ್' ಎಂಬ ಸಂಗೀತ ನಾಟಕ ಬ್ರಾಡ್‌ವೇಯಲ್ಲಿ ಯಶಸ್ವಿಯಾಯಿತು. ಆ ನಾಟಕದ ಕೊನೆಯಲ್ಲಿ ಪ್ರಿಯಕರನ ಒಲವನ್ನು ಉಳಿಸಿಕೊಳ್ಳಲು ಆನಿ ಬೇಕೆಂದೇ ಪಂದ್ಯ ಸೋಲುತ್ತಾಳೆ. ವಾಸ್ತವದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಆನಿ ಗೆದ್ದರು, ಸೋತ ಬಟ್ಲರ್ ಅವರನ್ನು ಪ್ರೀತಿಸಿ ಮದುವೆಯಾದರು. ಅವರನ್ನು ಅಮೆರಿಕದ ಪಶ್ಚಿಮ ಸೀಮೆಯ ಹುಡುಗಿಯೆಂದು ಭಾವಿಸುವುದೂ ಸರಿಯಲ್ಲ. ಅವರು ಹುಟ್ಟಿ ಬೆಳೆದದ್ದು ಒಹಾಯೊದ ಕೃಷಿ ಪ್ರದೇಶದಲ್ಲಿ.

ಉಚಿತ ಪ್ರವೇಶದ ಟಿಕೆಟುಗಳಿಗೆ ಅಮೆರಿಕದಲ್ಲಿ ಆನಿ ಓಕ್ಲಿ ಎಂಬ ಅಡ್ಡಹೆಸರು ಬಂದಿತು. ಅಂಥ ಟಿಕೆಟುಗಳಿಗೆ ಹಾಕುತ್ತಿದ್ದ ರಂಧ್ರಗಳು ಆನಿ ಗುಂಡಿನಿಂದ ತೂತು ಮಾಡಿದ ಇಸ್ಪೀಟೆಲೆಗಳನ್ನು ನೆನಪಿಸುತ್ತಿದ್ದುದೇ ಇದಕ್ಕೆ ಕಾರಣ.

ಗೌರವಗಳು

ಟ್ರ್ಯಾಪ್ ಶೂಟಿಂಗ್ ಕ್ರೀಡೆಯ ಗಣ್ಯರ ಪಟ್ಟಿಗೆ 1969ರಲ್ಲಿ, ನ್ಯಾಷನಲ್ ಕೌಗರ್ಲ್ ಹಾಲ್ ಆಫ್ ಫೇಮ್‌ಗೆ 1984ರಲ್ಲಿ ಹಾಗೂ ನ್ಯಾಷನಲ್ ವಿಮೆನ್ಸ್ ಹಾಲ್ ಆಫ್ ಫೇಮ್‌ಗೆ 1993ರಲ್ಲಿ ಆನಿ ಓಕ್ಲಿ ಅವರ ಹೆಸರನ್ನು ಸೇರಿಸಲಾಯಿತು. ಗ್ರೀನ್‌ವಿಲ್‌ನ ಗಾರ್ಸ್ಟ್ ವಸ್ತುಸಂಗ್ರಹಾಲಯದಲ್ಲಿ ಅವರಿಗೆ ಸಂಬಂಧಿಸಿದ ವಸ್ತುಗಳನ್ನು ಪ್ರದರ್ಶನಕ್ಕೆ ಇಡಲಾಗಿದೆ.